ಅತ್ತ ಒಂದು ಹಲಗೆ, ಇತ್ತ ಒಂದು ಹಲಗೆ

ನಮ್ಮ ಮನೆ ಪಾಲಾದಾಗ ಜಗಳವಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಜಗಳ ಯಾತಕ್ಕೆ ಶುರುವಾಯಿತು ಅಂತಲೇ ಕೇಳುತ್ತಾರೆ. ನಮ್ಮವರೂ ಅವರ ಅಣ್ಣನೂ ಮರ್ಯಾದಸ್ಥರು, ದನಿ ಏರಿಸಿದವರಲ್ಲ. ಮಾವನವರು ತೀರಿಕೊಂಡ ಮೇಲೆ ಇಬ್ಬರೂ ಎದುರುಬದುರು ಕೂತು, "ನೀನು ಹೇಳಪ್ಪ", "ಇಲ್ಲ ಅಣ್ಣ, ನೀನೇ ಹೇಳು" ಅಂತ ಉಪಚಾರ ಮಾಡಿಕೊಳ್ಳುತ್ತಲೇ ಮನೆಯ ನಡುವೆ ಗೋಡೆ ಎಬ್ಬಿಸಿದರು. ಮುಂಬಾಗಿಲಿನ ಜೋಡಿ ಕದದಲ್ಲಿ ಒಂದು ಅವರಿಗೆ, ಒಂದು ನಮಗೆ. ಏಣಿ ಅವರಿಗೆ ಹೋಯಿತು, ಅಟ್ಟ ನಮಗೆ ಬಂತು. ಅತ್ತೆಯ ಮಂಚ ಭಾವನವರ ಪಾಲಾಯಿತು, ಹಾಸಿಗೆ ನಮ್ಮ ಪಾಲಾಯಿತು. ಎಳ್ಳಷ್ಟೂ ಹೆಚ್ಚುಕಮ್ಮಿ ಆಗಲಿಲ್ಲ ಅಂತ ಇಬ್ಬರಿಗೂ ಸಮಾಧಾನ.

ಉಳಿದದ್ದು ಅತ್ತೆ. ಅವರು ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಅಂತ ಆಯಿತು. ಅಲ್ಲಿದ್ದಾಗ ಮಂಚದ ಮೇಲೆ ಬರೀ ಚಾಪೆ ಹಾಸಿಕೊಂಡು ಮಲಗುತ್ತಿದ್ದರು, ಇಲ್ಲಿದ್ದಾಗ ನೆಲದ ಮೇಲೆ ಹಾಸಿಗೆ ಬಿಚ್ಚುತ್ತಿದ್ದರು. ಹಾಸಿಗೆಯನ್ನು ಆಚೆ ಮನೆಗೆ ಕೊಟ್ಟುಬಿಡೋಣ ಅಂತ ಒಮ್ಮೆ ನಾನೇ ಅಂದೆ. ನಮ್ಮವರು ಬಹಳ ಯೋಚಿಸಿ, "ಕೊಡಬಹುದು. ಆದರೆ ಬದಲಿಗೆ ನೀನೇನು ಕೊಡ್ತೀಯ ಅಂತ ಅಣ್ಣನ್ನ ಕೇಳಿದ ಹಾಗಾಗತ್ತೆ. ಅವನು ಬೇಜಾರು ಮಾಡ್ಕೋಬಹುದು" ಅಂದರು. ಅಣ್ಣನ ಮನಸ್ಸು ನೋಯಬಾರದು ಅಂತ ಅಮ್ಮನ ಬೆನ್ನು ನೋಯುತ್ತಿತ್ತು.

ಜನವರಿಯಿಂದ ಸರದಿ ಶುರುವಾಗಿದ್ದು ನಮ್ಮ ಮನೆಯಲ್ಲಿ. ಹಾಗಾಗಿ ವರ್ಷದ ತಿಂಗಳುಗಳಲ್ಲೇ ಮೋಟಾದ ಫೆಬ್ರವರಿ ಪ್ರತಿ ಸಲವೂ ಭಾವನವರ ಪಾಲಿಗೆ ಹೋಗುತ್ತಿತ್ತು. ನಾನು ಕೆಟ್ಟವಳಲ್ಲ, ಅತ್ತೆಗೆ ಹೊತ್ತು ಹೊತ್ತಿಗೆ ಬಿಸಿಬಿಸಿಯಾಗಿ ಬಡಿಸಿದ್ದೇನೆ. ಆದರೆ ಲೆಕ್ಕ ಅಂದಮೇಲೆ ಲೆಕ್ಕ. ಓರಗಿತ್ತಿ ಆ ತಿಂಗಳ ಕೊನೆಯಲ್ಲಿ ಅತ್ತೆಯ ಚೀಲ ಹಿಡಿದು ನಗುನಗುತ್ತಾ ನಮ್ಮ ಬಾಗಿಲಿಗೆ ಬಂದು ನಿಂತಾಗ ನನಗೆ ಹೊಟ್ಟೆ ಉರಿಯುತ್ತಿತ್ತು. "ಫೆಬ್ರವರಿ ಅವರಿಗೇ ಯಾಕೆ?" ಅಂತ ಅಡುಗೆಮನೆಯಲ್ಲಿ ನಮ್ಮವರ ಕಿವಿ ಕಚ್ಚುತ್ತಿದ್ದೆ. ಮೆಲ್ಲಗೇ ಹೇಳುತ್ತಿದ್ದೆ, ಅತ್ತೆ ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದರು.

ಅತ್ತೆಗೆ ಇದ್ದದ್ದು ಒಂದೇ ಆಸೆ. ಅದನ್ನು ಅವರು ಮುಚ್ಚಿಟ್ಟವರಲ್ಲ. "ನಂಗೆ ಒಂದೇ ಕಡೆ ಇರಬೇಕು ಅಂತಿದೆ ಕಣೋ. ಯಾರ ಮನೆ ಆದ್ರೂ ಸರಿ. ಕಣ್ಣು ಬಿಟ್ಟ ತಕ್ಷಣ ಬಚ್ಚಲು ಯಾವ ಕಡೆ ಅಂತ ಯೋಚನೆ ಮಾಡಿ ಮಾಡಿ ಸಾಕಾಗಿದೆ" ಅಂತ ಇಬ್ಬರಿಗೂ ಹೇಳಿದ್ದರು. "ನನ್ನ ಹತ್ರಾನೇ ಇಟ್ಕೋಬಹುದು ಅಮ್ಮ, ಆದ್ರೆ ತಮ್ಮನಿಗೆ ಅನ್ಯಾಯ ಮಾಡಿದ ಹಾಗಾಗತ್ತೆ" ಅಂದರು ಭಾವನವರು. ನಮ್ಮವರು ಅದೇ ಮಾತನ್ನು ಅಣ್ಣನ ಹೆಸರಿನಲ್ಲಿ ಹೇಳಿದರು. ಅತ್ತೆ ಎರಡೂ ಉತ್ತರ ಕೇಳಿ, "ಎಷ್ಟು ಒಳ್ಳೇ ಮಕ್ಕಳು" ಅಂದುಬಿಟ್ಟು ಚೀಲ ಕಟ್ಟಿಕೊಂಡರು.

ಪಾಲಾಗದೆ ಉಳಿದಿದ್ದು ಹಿತ್ತಲಿನ ಮಹಾಗನಿ ಮರ ಒಂದೇ. ಮಾವನವರು ನೆಟ್ಟಿದ್ದು. ಗಡಿ ಎಳೆದಾಗ ಅದು ಸರಿಯಾಗಿ ಗೆರೆಯ ಮೇಲೇ ಬಂತು. ಹಿತ್ತಲ ಗೋಡೆ ಮರದ ತನಕ ಬಂದು ನಿಂತು, ಮರದ ಆಚೆಯಿಂದ ಮತ್ತೆ ಹೊರಡುತ್ತಿತ್ತು. ಆ ಮರ ಒಂದು ಬಿರುಗಾಳಿಗೆ ಬುಡದಲ್ಲೇ ಮುರಿದು ಬಿತ್ತು. ಬಿದ್ದದ್ದೂ ಹೇಗೆ ಅಂತೀರಿ, ಗೋಡೆಯ ಉದ್ದಕ್ಕೂ, ಗೋಡೆಯನ್ನೇ ಪುಡಿ ಮಾಡಿಕೊಂಡು. ಅವರ ಹೆಂಚೂ ಒಡೆಯಲಿಲ್ಲ, ನಮ್ಮ ಹೆಂಚೂ ಒಡೆಯಲಿಲ್ಲ. ಈ ಮನೆಯಲ್ಲಿ ಇಷ್ಟು ವರ್ಷ ಇದ್ದ ಮರಕ್ಕೆ ಅಷ್ಟಾದರೂ ಬುದ್ಧಿ ಬಂದಿತ್ತು.

ದಿಮ್ಮಿ ಎಷ್ಟು ದಪ್ಪವಿತ್ತೆಂದರೆ ಅದನ್ನು ಎತ್ತುವ ಯಂತ್ರ ನಮ್ಮ ಹಿಂದಿನ ಓಣಿಯೊಳಗೆ ಬರುವ ಹಾಗಿರಲಿಲ್ಲ. ಮರವನ್ನು ಮಿಲ್ಲಿಗೆ ಒಯ್ಯಲಾಗದಿದ್ದರೆ ಮಿಲ್ಲನ್ನೇ ಮರದ ಹತ್ತಿರ ತರಿಸಬೇಕು. ಹಾಗೆ ಬಂದವನು ಗರಗಸದವನು. ಪಿಕಪ್ ವ್ಯಾನಿನ ಹಿಂದೆ ತನ್ನ ಮಿಲ್ಲನ್ನು ಕಟ್ಟಿಕೊಂಡು ಊರೂರು ತಿರುಗುವುದು ಅವನ ಕಸುಬು. ಯಂತ್ರ ನೋಡಲು ಸಾಧಾರಣವೇ. ಉದ್ದಕ್ಕೆ ಎರಡು ಕಬ್ಬಿಣದ ಹಳಿ, ಹಳಿಯ ಮೇಲೆ ಅತ್ತಿತ್ತ ಓಡುವ ಎಂಜಿನ್ನು, ಅದರಡಿ ಎರಡು ಚಕ್ರದ ನಡುವೆ ಬಿಗಿದ ಹಲ್ಲಿನ ಪಟ್ಟಿ. ದಿಮ್ಮಿ ಮಲಗಿದಲ್ಲೇ ಇರುತ್ತದೆ, ಗರಗಸ ಅದರ ಮೇಲೆ ಹಾದುಹೋಗುತ್ತದೆ. ಒಂದು ಹಲಗೆ ಕೊಯ್ದಾದ ಮೇಲೆ ಹಿಡಿ ತಿರುಗಿಸಿ ಎಂಜಿನ್ನನ್ನು ಅಷ್ಟು ಕೆಳಗಿಳಿಸಬೇಕು, ಮತ್ತೆ ತಳ್ಳಬೇಕು. ಪಟ್ಟಿ ಕಾಯದ ಹಾಗೆ ಒಂದು ಡಬ್ಬಿಯಿಂದ ಅದರ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ.

ಅವನು ಯಂತ್ರಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದ. ಒಂದು ಕಡೆ ಕೊಯ್ದ ಕಥೆಯನ್ನು ಇನ್ನೊಂದು ಕಡೆ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. "ಒಂದು ಮನೇಲಿ ಸಾರ್, ಹಲಗೆ ಎಷ್ಟು ಚೆನ್ನಾಗಿ ಬಂತು ಅಂದ್ರೆ, ಹಾಳಾಗತ್ತೆ ಅಂತ ಬೀರುವೊಳಗಿಟ್ಟು ಬೀಗ ಹಾಕಿದಾರೆ. ಬೀರು ಮಾತ್ರ ಪ್ಲಾಸ್ಟಿಕ್ಕಿಂದು. ನಾನು ಯಾರ ಹೆಸರೂ ಹೇಳಲ್ಲ ಸಾರ್, ನನಗ್ಯಾಕೆ. ಪಕ್ಕದೂರಿನ ನೀರಿನ ಟ್ಯಾಂಕು ಇದೆಯಲ್ಲ, ಅದರ ಎದುರಿನ ಹಸಿರು ಗೇಟಿನ ಮನೆ." ಭಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮವರೂ ನಕ್ಕರು. ಜನ ಹೀಗೂ ಇರುತ್ತಾರಾ ಅಂತ ಇಬ್ಬರೂ ತಲೆ ಆಡಿಸಿದರು.

ಯಂತ್ರ ಯಾರ ಜಾಗದಲ್ಲಿ ನಿಲ್ಲಬೇಕು ಅನ್ನುವುದಕ್ಕೇ ಅರ್ಧ ಬೆಳಿಗ್ಗೆ ಹೋಯಿತು. ಕೊನೆಗೆ ಒಂದು ಹಳಿ ಅವರ ಕಡೆ, ಒಂದು ಹಳಿ ನಮ್ಮ ಕಡೆ ಅಂತ ಗೋಡೆ ಬಿದ್ದ ಜಾಗದಲ್ಲೇ ನಿಲ್ಲಿಸಿದರು. ಮರದ ಹೊಟ್ಟು ಮಾತ್ರ ಎಂಜಿನ್ನಿನ ಒಂದೇ ಪಕ್ಕಕ್ಕೆ, ಅಂದರೆ ಅವರ ಕಡೆಗೆ ಹಾರುತ್ತಿತ್ತು. ನನಗೆ ಹೊಟ್ಟಿನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಬುಟ್ಟಿ ಹಿಡಿದು ಹೋಗಿ ನಮ್ಮ ಅರ್ಧ ತುಂಬಿಕೊಂಡು ಬಂದೆ. ಓರಗಿತ್ತಿ "ತಗೊಳ್ಳಮ್ಮ, ಸಂಕೋಚ ಬೇಡ" ಅಂದಳು. ನಾನು ಸಂಕೋಚಪಟ್ಟವಳೇ ಅಲ್ಲ.

ಮೇಲಿನ ತೊಗಟೆಯ ಹೋಳು ಮೊದಲು ಬಿತ್ತು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು, ತೊಗಟೆ ಅಂಟಿಕೊಂಡಿದ್ದು. ಸೌದೆಗಷ್ಟೇ ಅಂತ ಅದನ್ನು ಕಾಲಿನಿಂದ ಬದಿಗೆ ಸರಿಸಿದರು. ಆಮೇಲೆ ಹಲಗೆಗಳು ಶುರುವಾದವು. ಗಟ್ಟಿ ಮರ, ಎಂಜಿನ್ನು ನರಳಿ ನರಳಿ ಸಾಗುತ್ತಿತ್ತು. ಎರಡನೆಯ ಹಲಗೆ ಎತ್ತಿದಾಗ ಗರಗಸದವನು ಅದನ್ನು ಮೊದಲನೆಯದರ ಪಕ್ಕ ಮಗುಚಿಟ್ಟು ಬೊಗಸೆಯಲ್ಲಿ ನೀರು ಚಿಮುಕಿಸಿದ. ನಸುಗೆಂಪು ಹಲಗೆ, ಅದರ ಮೇಲೆ ನೀರಿನ ಸುಳಿಯ ಹಾಗೆ ಗೆರೆಗಳು. ಈ ಹಲಗೆಯಲ್ಲಿದ್ದ ಗಂಟು ಆ ಹಲಗೆಯಲ್ಲೂ ಇತ್ತು, ಈ ಗೆರೆ ಬಾಗಿದ ಕಡೆಗೆ ಎದುರಾಗಿ ಆ ಗೆರೆ ಬಾಗಿತ್ತು. "ಪುಸ್ತಕ ಬಿಚ್ಚಿದ ಹಾಗೆ, ನೋಡಿ. ಅಕ್ಕಪಕ್ಕದ ಹಲಗೆಗಳೆಲ್ಲ ಹೀಗೇ ಜೋಡಿ. ಎರಡನ್ನೂ ಕೂಡಿಸಿದರೆ ಊಟದ ಮೇಜು ಆಗತ್ತಲ್ಲ, ಅದನ್ನ ಬಿಟ್ಟು ಏಳೋಕೇ ಮನಸ್ಸು ಬರಲ್ಲ" ಅಂದ.

ನನಗೆ ಆಗಲೇ ಮೇಜು ಕಣ್ಣಿಗೆ ಕಟ್ಟಿತು. ಓರಗಿತ್ತಿಯ ಮುಖ ನೋಡಿದೆ, ಅವಳೂ ತನ್ನ ಮೇಜಿಗೆ ಕುರ್ಚಿ ಹಾಕಿ ಆಗಿತ್ತು. ಆದರೆ ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಜೋಡಿಯಾಗಿ ಹಂಚಿದರೆ ಮೇಲಿನ ಜೋಡಿ ಕಿರಿದು, ನಡುವಿನ ಜೋಡಿ ಅಗಲ. ಒಬ್ಬರಿಗೆ ಹೆಚ್ಚಾಗುತ್ತದೆ.

"ಒಂದು ನಿಂಗೆ, ಒಂದು ನಂಗೆ. ಹಾಗೆ ಮಾಡಿದ್ರೆ ಯಾರಿಗೂ ಬೇಜಾರಿಲ್ಲ" ಅಂದರು ಭಾವನವರು.

"ಅದೇ ಸರಿ ಅಣ್ಣ" ಅಂದರು ನಮ್ಮವರು.

ಗರಗಸದವನು ಒಮ್ಮೆ ತಲೆ ಕೆರೆದುಕೊಂಡ. "ಆಗ ಎಲ್ಲ ಜೋಡೀನೂ ಒಡೆದುಹೋಗತ್ತಲ್ಲ ಸಾರ್. ನಿಮ್ಮ ಹತ್ರಾನೂ ಮೇಜಿಲ್ಲ, ಅವರ ಹತ್ರಾನೂ ಮೇಜಿಲ್ಲ."

"ಇಬ್ಬರಿಗೂ ಸಮ ಆಯ್ತಲ್ಲ" ಅಂದರು ಇಬ್ಬರೂ ಒಟ್ಟಿಗೆ.

ನಾನೂ ಓರಗಿತ್ತಿಯೂ ಅಲ್ಲೇ ನಿಂತಿದ್ದೆವು. ಇಬ್ಬರಲ್ಲಿ ಯಾರಾದರೊಬ್ಬಳು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಆದರೆ ನಾನು ಬಿಟ್ಟರೆ ಅವಳಿಗೆ ಮೇಜು ಸಿಕ್ಕಿಬಿಡುತ್ತದಲ್ಲ. ಬಾಯಿಗೆ ಬೀಗ ಹಾಕಿಕೊಂಡು ನಿಂತೆ, ಅವಳೂ ಹಾಗೇ ನಿಂತಳು. ಹಲಗೆಗಳು ಅತ್ತ ಒಂದು, ಇತ್ತ ಒಂದು ಹೋಗತೊಡಗಿದವು.

ಅತ್ತೆ ನಮ್ಮ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದರು. ದಿಮ್ಮಿಯ ನಟ್ಟನಡುವಿನ ಹಲಗೆ ಬಂದಾಗ ಎದ್ದು ಬಂದರು. ಅದು ಎಲ್ಲಕ್ಕಿಂತ ಅಗಲ, ಒಬ್ಬರು ಆರಾಮಾಗಿ ಮಲಗಬಹುದಾದಷ್ಟು. ಅಂಗೈಯಿಂದ ಅದನ್ನು ಸವರಿ, "ಇದನ್ನ ನಂಗೆ ಕೊಡಿ. ಒಂದು ಮಂಚ ಮಾಡಿಸ್ಕೊಳ್ತೀನಿ. ನಿಮ್ಮಪ್ಪ ನೆಟ್ಟ ಮರ, ನಂಗೂ ಒಂದು ಹಲಗೆ ಸಲ್ಲಬೇಕು" ಅಂದರು.

"ಕೊಡೋಕೇನಮ್ಮ" ಅಂದರು ಭಾವನವರು. "ಆದ್ರೆ ಆ ಮಂಚ ಎಲ್ಲಿ ಹಾಕ್ತೀಯ?"

ಅತ್ತೆ ದೊಡ್ಡ ಮಗನನ್ನು ನೋಡಿದರು, ಚಿಕ್ಕ ಮಗನನ್ನು ನೋಡಿದರು. ನಮ್ಮವರು ನೆಲ ನೋಡಿದರು. ಗರಗಸದವನಿಗೆ ಕೆಲಸ ತಡವಾಗುತ್ತಿತ್ತು. ಎಂಜಿನ್ನು ನಿಲ್ಲಿಸಿ ಕೇಳಿದ, "ಹಾಗಾದ್ರೆ ಇದನ್ನೂ ಎರಡು ಮಾಡಬೇಕಾ ಸಾರ್? ಉದ್ದಕ್ಕೆ ಸೀಳಲಾ, ಅಡ್ಡಕ್ಕೆ ಕತ್ತರಿಸಲಾ?"

"ನನ್ನ ವಿಷಯ ತಾನೇ ಕೇಳ್ತಿರೋದು?" ಅಂದರು ಅತ್ತೆ. "ಉದ್ದಕ್ಕೇ ಸೀಳಪ್ಪ. ಒಂದೊಂದು ಕೈ, ಒಂದೊಂದು ಕಾಲು ಸರಿಯಾಗಿ ಬರತ್ತೆ."

ಯಾರೂ ನಗಲಿಲ್ಲ. ನನಗೆ ಆ ಕ್ಷಣ ನಾಚಿಕೆಯಾಯಿತು, ನಿಜವಾಗಿ ಆಯಿತು. ಆಮೇಲೆ ಹಲಗೆ ಉದ್ದಕ್ಕೆ ಎರಡಾಯಿತು, ನಮ್ಮ ಅರ್ಧ ಕಿರಿದಾಗಿಲ್ಲ ತಾನೇ ಅಂತ ನೋಡಲು ಹೋದೆ.

ಸಂಜೆಯ ಹೊತ್ತಿಗೆ ಕೊಯ್ತ ಮುಗಿಯಿತು. ಗಾಳಿಯಾಡಲು ನಡುವೆ ಸಣ್ಣ ಪಟ್ಟಿ ಕೊಟ್ಟು ಹಲಗೆಗಳನ್ನು ಆ ಹಿತ್ತಲಲ್ಲಿ ಒಂದು, ಈ ಹಿತ್ತಲಲ್ಲಿ ಒಂದು ಅಟ್ಟಿ ಪೇರಿಸಿದ್ದಾಯಿತು. ಚೆನ್ನಾಗಿ ಒಣಗಲು ವರ್ಷವಾದರೂ ಬೇಕು ಅಂದ ಗರಗಸದವನು. ನಮ್ಮವರಿಗೆ ಅಮ್ಮನ ಮುಖ ನೋಡಿ ಕರುಳು ಚುರ್ ಅಂದಿರಬೇಕು, "ಒಣಗಿದ ಮೇಲೆ ಎರಡೂ ಮನೇಲಿ ಒಂದೊಂದು ಮಂಚ ಮಾಡಿಸ್ತೀವಮ್ಮ" ಅಂದರು.

"ಅವು ಒಣಗೋ ಹೊತ್ತಿಗೆ ನಾನೂ ಒಣಗಿರ್ತೀನಿ" ಅಂದರು ಅತ್ತೆ. "ಆ ತೊಗಟೆ ಹೋಳು ಯಾರ ಪಾಲಿಗೆ ಬಂದಿದೆ?"

ಮೇಲಿನದೊಂದು, ಕೆಳಗಿನದೊಂದು, ಎರಡು ಹೋಳು ಬಿದ್ದಿದ್ದವು. ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. "ಯಾರದ್ದೂ ಅಲ್ಲಮ್ಮ, ಸೌದೆ" ಅಂದರು ಭಾವನವರು. ಅತ್ತೆ ಗರಗಸದವನ ಕಡೆ ತಿರುಗಿದರು. "ಹಾಗಾದ್ರೆ ಅದರಲ್ಲಿ ನಂಗೊಂದು ಬೆಂಚು ಮಾಡಿಕೊಡಪ್ಪ. ಇಲ್ಲೇ, ಈ ಬುಡದ ಮೇಲೆ." ಅವನು ಉಬ್ಬು ಕೆಳಗೆ, ಚಪ್ಪಟೆ ಮೇಲೆ ಮಾಡಿ ಎರಡೂ ಹೋಳುಗಳನ್ನು ಒತ್ತೊತ್ತಾಗಿ ಇಟ್ಟು, ಒಂದು ತುದಿಗೆ ಮರದ ಬುಡ, ಇನ್ನೊಂದು ತುದಿಗೆ ಕೊಂಬೆಯ ತುಂಡು ಕೊಟ್ಟು ಮೊಳೆ ಹೊಡೆದ. ಟೀ ಆರುವಷ್ಟರಲ್ಲಿ ಬೆಂಚಾಯಿತು. ಸರಿಯಾಗಿ ಗಡಿಯ ಮೇಲೆ, ಗೋಡೆ ಬಿದ್ದ ಸಂದಿನಲ್ಲಿ. ಮುದುಕಿಗೆ ಕೂರಲು ಏನೋ ಒಂದು ಸಿಕ್ಕಿತಲ್ಲ ಅಂತ ನಾವು ಕೈ ತೊಳೆದುಕೊಂಡೆವು.

ಆ ತಿಂಗಳು ಮುಗಿದು ಒಂದನೇ ತಾರೀಖು ಬಂತು. ಅತ್ತೆ ಆಚೆ ಮನೆಗೆ ಹೋಗಬೇಕಾದ ದಿನ. ನಾನು ಹಿಂದಿನ ದಿನವೇ ಬಟ್ಟೆ ಮಡಿಸಿ ಚೀಲ ತುಂಬಿಟ್ಟಿದ್ದೆ, ಆ ವಿಷಯದಲ್ಲಿ ನಾನು ಬಹಳ ಚುರುಕು. ಅತ್ತೆ ಬೆಳಿಗ್ಗೆ ಚೀಲ ಹಿಡಿದು ಹಿತ್ತಲ ಬಾಗಿಲಿನಿಂದ ಹೊರಟರು. ಅತ್ತ ಕಡೆಯ ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು. ಅತ್ತೆ ಬೆಂಚಿನ ತನಕ ನಡೆದು, ಚೀಲ ಪಕ್ಕಕ್ಕಿಟ್ಟು ಕೂತರು. ಸುಧಾರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆವು. ಬಿಸಿಲು ನೆತ್ತಿಗೆ ಬಂತು, ಅವರು ಏಳಲಿಲ್ಲ.

"ಅತ್ತೆಗೆ ಊಟ ಕೊಡಲ್ವಾ?" ಅಂತ ಓರಗಿತ್ತಿಯನ್ನು ಕೇಳಿದೆ. "ಇವತ್ತಿಂದ ನಿಮ್ಮ ಸರದಿ."

"ನಮ್ಮ ಹೊಸ್ತಿಲು ದಾಟಿಲ್ವಲ್ಲ ಇನ್ನೂ" ಅಂದಳು ಅವಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಸಿಟ್ಟು ತರಿಸಿತು. ಕೊನೆಗೆ ಇಬ್ಬರೂ ತಟ್ಟೆ ತಂದಿಟ್ಟೆವು. ಅತ್ತೆ ಎರಡರಲ್ಲೂ ಸರಿಯಾಗಿ ಅರ್ಧರ್ಧ ಉಂಡು, ಉಳಿದದ್ದನ್ನು ವಾಪಸು ಕೊಟ್ಟರು.

ಸಂಜೆ ಗಂಡಸರು ಕೆಲಸದಿಂದ ಬಂದರು. ಆಕಾಶ ಮೋಡ ಕಟ್ಟಿತ್ತು. ಇಬ್ಬರೂ ಬೆಂಚಿನ ಎರಡು ಪಕ್ಕ ನಿಂತು, "ಒಳಗೆ ಬಾಮ್ಮ" ಅಂದರು. ಯಾರ ಒಳಗೆ ಅಂತ ಇಬ್ಬರೂ ಹೇಳಲಿಲ್ಲ. "ಯಾಕೋ, ನಾನು ಚೆನ್ನಾಗಿದೀನಿ" ಅಂದರು ಅತ್ತೆ. "ಇಷ್ಟು ದಿನ ಒಂದೇ ಜಾಗ ಬೇಕು ಅಂತ ನಿಮ್ಮನ್ನ ಕಾಡಿದೆ. ಸಿಕ್ಕಿದೆ. ನೀವು ಹೋಗಿ ಮಲಗಿ." ಚೀಲದಿಂದ ಶಾಲು ತೆಗೆದು ಹೊದ್ದುಕೊಂಡರು.

ಅಣ್ಣತಮ್ಮಂದಿರಿಗೆ ಕರಗಲು ಇಷ್ಟು ಸಾಕಿತ್ತು ಅಂತ ಹೇಳಲು ನನಗೂ ಆಸೆ. ಆದರೆ ಅವರು ಕರಗಲಿಲ್ಲ. ಮಳೆ ಬಂದರೆ ಯಾರ ಮನೆಗೆ ಓಡುತ್ತಾಳೆ ನೋಡೋಣ ಅಂತ ಕಾಯುತ್ತಾ ನಿಂತರು. ಅಷ್ಟರಲ್ಲಿ ಓಣಿಯಲ್ಲಿ ಪಿಕಪ್ ವ್ಯಾನು ನಿಂತಿತು. ಗರಗಸದವನು ದಿಮ್ಮಿ ಉರುಳಿಸುವ ಕೊಕ್ಕೆಯನ್ನು ನಮ್ಮ ಹಿತ್ತಲಲ್ಲಿ ಮರೆತುಹೋಗಿದ್ದನಂತೆ.

"ಯಾಕಮ್ಮಾ, ಈ ಮೋಡದಲ್ಲಿ ಹೊರಗೆ ಕೂತಿದೀರಿ?" ಅಂದ.

"ಹೊರಗಲ್ಲಪ್ಪ, ಇದು ನನ್ನ ಮನೆ. ನೀನೇ ಕಟ್ಟಿಕೊಟ್ಟೆಯಲ್ಲ. ಬಾ, ಕೂತ್ಕೋ."

ಅವನು ಕೂತ. ಅತ್ತೆಯ ಚೀಲ ನೋಡಿದ, ಶಾಲು ನೋಡಿದ. ಆ ಕಡೆಯ ಹಲಗೆ ಅಟ್ಟಿ ನೋಡಿದ, ಈ ಕಡೆಯ ಅಟ್ಟಿ ನೋಡಿದ. ಕೊಕ್ಕೆ ಹೆಗಲಿಗೇರಿಸಿಕೊಂಡು ಎದ್ದು ಭಾವನವರ ಹತ್ತಿರ ಬಂದು, ಧೈರ್ಯ ತುಂಬುವವನ ಹಾಗೆ ಮೆಲ್ಲಗೆ ಹೇಳಿದ. "ನೀವು ಯೋಚನೆ ಮಾಡಬೇಡಿ ಸಾರ್. ನಾನು ಯಾರ ಹೆಸರೂ ಹೇಳಲ್ಲ."

ಭಾವನವರ ಮುಖ ಸುಟ್ಟ ಬದನೆಕಾಯಿಯಾಯಿತು. ಹಸಿರು ಗೇಟಿನ ಮನೆ ಇಬ್ಬರ ಕಣ್ಣ ಮುಂದೂ ಬಂದಿರಬೇಕು. "ನಾವು ಅಮ್ಮನಿಗೆ ಇಲ್ಲೊಂದು ಕೋಣೆ ಕಟ್ಟಿಸ್ತಾ ಇದೀವಿ" ಅಂದರು ನಮ್ಮವರು. ಆ ಮಾತು ಬಾಯಿಂದ ಬೀಳುವ ತನಕ ಅವರಿಗೂ ಅದು ಗೊತ್ತಿರಲಿಲ್ಲ. "ಹೌದು, ನಾಳೆಯಿಂದಲೇ. ನೀನೇ ಬಾ ಕೆಲಸಕ್ಕೆ" ಅಂದರು ಭಾವನವರು. ಆ ರಾತ್ರಿ ಒಂದು ದಿನದ ಮಟ್ಟಿಗೆ ಅಂತ ಅತ್ತೆ ನಮ್ಮಲ್ಲೇ ಮಲಗಿದರು. ಆ ಒಂದು ದಿನವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಬರೆದುಕೊಳ್ಳಿ.

ಬೆಂಚಿನ ಸುತ್ತಲೂ ಹಸಿ ಹಲಗೆಯಲ್ಲೇ ಗೋಡೆ ಎದ್ದಿತು. ಯಾರ ಹಲಗೆ ಎಷ್ಟು ಅನ್ನುವ ಪ್ರಶ್ನೆ ಬಂದೇ ಬಂತು. ಅಣ್ಣನ ಹಲಗೆ ಒಂದು, ತಮ್ಮನ ಹಲಗೆ ಒಂದು ಅಂತ ಸಾಲಾಗಿ ಹೊಡೆಯುತ್ತಾ ಹೋಗುವುದು, ಆಗ ಯಾರಿಗೂ ಬೇಜಾರಿಲ್ಲ ಅಂತ ತೀರ್ಮಾನವಾಯಿತು. ಗರಗಸದವನು ಆ ಅಟ್ಟಿಯಿಂದ ಒಂದು, ಈ ಅಟ್ಟಿಯಿಂದ ಒಂದು ಎತ್ತಿ, ಹಿಂದುಮುಂದು ನೋಡಿ ನಿಲ್ಲಿಸುತ್ತಾ ಬಂದ. ನಾನು ಟೀ ತಗೊಂಡು ಹೋದಾಗ ಮೂರು ಗೋಡೆ ಮುಗಿದಿದ್ದವು. ನೋಡುತ್ತೇನೆ, ಆ ಹಲಗೆಯ ಗಂಟಿನ ಪಕ್ಕ ಈ ಹಲಗೆಯ ಗಂಟು, ಅಲ್ಲಿ ಬಾಗಿದ ಗೆರೆಗೆ ಇಲ್ಲಿ ಬಾಗಿದ ಗೆರೆ. ಒಡೆದ ಜೋಡಿಗಳೆಲ್ಲ ಒಂದೊಂದಾಗಿ ಕೂಡಿಕೊಂಡಿದ್ದವು. ಸಮಪಾಲಿಗೆ ಹೆದರಿ ಒಡೆದದ್ದನ್ನು ಸಮಪಾಲಿಗೆ ಹೆದರಿಯೇ ಮತ್ತೆ ಜೋಡಿಸಿದ್ದರು. ಮರವನ್ನೇ ಬಿಡಿಸಿ ಅತ್ತೆಯ ಸುತ್ತ ನಿಲ್ಲಿಸಿದ ಹಾಗಿತ್ತು.

ಓರಗಿತ್ತಿ ಪಕ್ಕಕ್ಕೆ ಬಂದು ನಿಂತಳು. "ಎಂಥಾ ಮೇಜಾಗ್ತಿತ್ತು" ಅಂದಳು. "ಎರಡಾಗ್ತಿತ್ತು" ಅಂದೆ. ಅವಳ ಜೊತೆ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಪಾಲಾದ ಮೇಲೆ ಅದೇ ಮೊದಲು.

ಬಾಗಿಲಿಗೆ ಹಳೆಯ ಜೋಡಿ ಕದವೇ ಆಯಿತು. ನಮ್ಮ ಕದ ಅಟ್ಟದಲ್ಲಿತ್ತು, ಅದನ್ನಿಳಿಸಲು ಅವರ ಏಣಿ ಬಂತು. ಅವರ ಮಂಚದ ಮೇಲೆ ನಮ್ಮ ಹಾಸಿಗೆ ಬಿತ್ತು. ಮೊದಲ ದಿನ ಅತ್ತೆ ಅದರ ಮೇಲೆ ಕೂತು, ಮತ್ತೆ ಎದ್ದು, ಮತ್ತೆ ಕೂತರು. ಆಮೇಲೆ ಇಬ್ಬರು ಮಕ್ಕಳನ್ನೂ ಎದುರಿಗೆ ನಿಲ್ಲಿಸಿಕೊಂಡು ತಮ್ಮ ಮನೆಯ ಕಾನೂನು ಹೇಳಿದರು. "ಇಬ್ಬರೂ ಒಟ್ಟಿಗೆ ಬಂದ್ರೆ ನೀನು ಹೇಳು, ನೀನು ಹೇಳು ಅಂತ ಕೂತಿರ್ತೀರಿ. ಒಂದು ತಿಂಗಳು ಅವನು ಬರಲಿ, ಒಂದು ತಿಂಗಳು ನೀನು ಬಾ. ಜನವರಿ ದೊಡ್ಡೋನದು."

ತಮಾಷೆಗೆ ಹೇಳಿದ್ದಾರೆ ಅಂದುಕೊಂಡೆವು. ಆದರೆ ಸರದಿ ಅಲ್ಲದ ತಿಂಗಳಲ್ಲಿ ಹೋದರೆ ಬಾಗಿಲು ತೆಗೆಯುತ್ತಿರಲಿಲ್ಲ. ಊಟದ ತಟ್ಟೆಯೂ ಆ ತಿಂಗಳ ಮನೆಯದೇ ಆಗಬೇಕು. ಮೊದಮೊದಲು ನಮ್ಮವರು ಸರದಿ ತಪ್ಪಿದ್ದಕ್ಕೆ ಹಾಯಾಗಿದ್ದರು. ಆಮೇಲೆ ಏನಾಯಿತೋ, ತಮ್ಮ ತಿಂಗಳು ಬಂದಾಗ ಕೆಲಸದಿಂದ ನೆಟ್ಟಗೆ ಅಲ್ಲಿಗೇ ಹೋಗತೊಡಗಿದರು. ಅಮ್ಮ ಮಗ ಬೆಂಚಿನ ಮೇಲೆ ಕೂತು ಅದೇನು ಮಾತಾಡುತ್ತಿದ್ದರೋ, ನಮ್ಮವರು ಬಿದ್ದು ಬಿದ್ದು ನಗುವುದು ನನಗೆ ಕೇಳುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ನಗೆ ನನಗೆ ಸಿಕ್ಕಿರಲಿಲ್ಲ. ಭಾವನವರ ತಿಂಗಳಲ್ಲಿ ನಮ್ಮವರು ಹಿತ್ತಲ ಬಾಗಿಲಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು, ಪುಟ ಮಗುಚುತ್ತಿರಲಿಲ್ಲ. ನನಗೆ ಪಾಪ ಅನ್ನಿಸುತ್ತಿತ್ತು.

ಹಲಗೆಗಳು ಒಣಗಿ ಕುಗ್ಗಿದವು, ನಡುನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತು. ಮುಚ್ಚಿಸೋಣ ಅಂದರೆ ಅತ್ತೆ ಬೇಡ ಅಂದರು. ಎರಡೂ ಮನೆ ಕಾಣುತ್ತದಂತೆ.

ಫೆಬ್ರವರಿ ಬಂತು, ಬಂದ ಹಾಗೇ ಮುಗಿದೂ ಹೋಯಿತು. ಕೊನೆಯ ಸಂಜೆ ನಮ್ಮವರು ಬೆಂಚಿನಿಂದ ಎದ್ದವರು ಕದ ಹಿಡಿದು ನಿಂತೇ ಇದ್ದರು. ನಾನು ಅತ್ತೆಯ ತಟ್ಟೆ ತರಲು ಹೋದವಳು ಗೋಡೆಯ ಈಚೆ ನಿಂತೆ.

"ಅಮ್ಮ, ಈ ತಿಂಗಳು ನಂಗೆ ದಿನ ಕಡಿಮೆ ಬಂತು" ಅಂದರು ನಮ್ಮವರು. "ಪ್ರತಿ ವರ್ಷ ಹೀಗೇ ಆಗತ್ತಲ್ಲ. ಫೆಬ್ರವರಿ ನಮಗೇ ಯಾಕೆ?"

ಮಂಚ ಕಿರುಗುಟ್ಟಿದ ಸದ್ದಾಯಿತು.

"ನನ್ನ ಯಾಕೋ ಕೇಳ್ತೀಯ?" ಅಂದರು. "ಒಳಗೆ ಹೋಗಿ ನಿನ್ನ ಹೆಂಡತೀನ ಕೇಳು. ಅಡುಗೆಮನೇಲಿ ಮೆಲ್ಲಗೆ ಕೇಳು, ಪಕ್ಕದ ಕೋಣೆಗೆ ಎಲ್ಲ ಕೇಳಿಸತ್ತೆ."

ಹಲಗೆಗಳ ನಡುವೆ ಸಂದು ಬಿಟ್ಟಿತ್ತಲ್ಲ, ನನಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.